ಇನ್ನೊಂದು ಕೈಯ ಗವಸು

ನಮ್ಮ ದೊಡ್ಡಮ್ಮನ ಪ್ರಕಾರ ಮನುಷ್ಯನಿಗಿರುವುದು ಒಂದೇ ಕೈ. ಇದು ನಾನು ಕಟ್ಟಿದ ಮಾತಲ್ಲ, ಐದು ಚಳಿಗಾಲಗಳ ನನ್ನ ದಿನಚರಿಯೇ ಸಾಕ್ಷಿ. ಅವರು ಈವರೆಗೆ ಹೆಣೆದು ಹಂಚಿದ ಉಣ್ಣೆಯ ಕೈಗವಸುಗಳು ನಲವತ್ತೊಂದು. ಅದರಲ್ಲಿ ಒಂದೇ ದಿನ ಜೋಡಿಯಾಗಿ ಒಬ್ಬರ ಕೈ ಸೇರಿದ್ದು ಸೊನ್ನೆ!

ಮೈಸೂರಿನ ಚಳಿಗೆ ಕೈಗವಸು ಯಾಕೆ ಎಂದು ನೀವು ಕೇಳಬಹುದು. ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೆ ಹೂಟಗಳ್ಳಿಯ ಫ್ಯಾಕ್ಟರಿಗೆ ಸ್ಕೂಟರಿನಲ್ಲಿ ಹೋಗಿ ನೋಡಿ, ಆಮೇಲೆ ಮಾತಾಡೋಣ. ನಾನು ದಿನಾ ಹೋಗುವವನು. ಮರಗಟ್ಟಿದ ನನ್ನ ಬೆರಳು ಕಂಡು ದೊಡ್ಡಮ್ಮ ಚಾಮರಾಜಪುರಂ ಮನೆಯ ಜಗಲಿಯಲ್ಲಿ ಹೆಣಿಗೆ ಕಡ್ಡಿ ಹಿಡಿದು ಕುಳಿತರು. ಹೆಬ್ಬೆರಳಿಗೊಂದು ಗೂಡು, ಮಿಕ್ಕ ನಾಲ್ಕಕ್ಕೂ ಸೇರಿ ಒಂದೇ ದೊಡ್ಡ ಗೂಡು.

"ಒಂದೊಂದು ಬೆರಳಿಗೂ ಬೇರೆ ಮನೆ ಯಾಕೋ? ಒಟ್ಟಿಗಿದ್ರೇನೇ ಬೆಚ್ಚಗಿರೋದು," ಎಂದು ಒಂದನ್ನು ಕೈಗಿಟ್ಟರು.

"ಇನ್ನೊಂದು, ದೊಡ್ಡಮ್ಮ?"

"ಅದು ಮುಂದಿನ ಸಲ ಬಂದಾಗ. ಎರಡೂ ಒಟ್ಟಿಗೆ ಕೊಟ್ರೆ ಥ್ಯಾಂಕ್ಸ್ ಅಂದು ಹೊರಟೋಗ್ಬುಡ್ತೀರ. ಒಂದು ಕೊಟ್ರೆ ಮತ್ತೆ ಬರ್ತೀರ."

ಆ ವಾರವಿಡೀ ನನ್ನ ಎಡಗೈ ಬೇಸಿಗೆಯಲ್ಲೂ ಬಲಗೈ ಚಳಿಗಾಲದಲ್ಲೂ ಹೂಟಗಳ್ಳಿ ತಲುಪುತ್ತಿದ್ದವು.

ಎದುರುಮನೆಯ ಮೇಷ್ಟ್ರು ಬುದ್ಧಿವಂತರು. ಒಂದು ಗವಸು ತೊಟ್ಟು ಗೇಟಿನವರೆಗೆ ಹೋಗಿ, ಅಲ್ಲಿಂದಲೇ ತಿರುಗಿ ಬಂದು, "ಬಂದೆ ನೋಡಿ, ಕೊಟ್ಬುಡಿ," ಎಂದರು. ದೊಡ್ಡಮ್ಮ ಕಾಫಿ ಕೊಟ್ಟರು. ಗವಸು ಕೊಡಲಿಲ್ಲ. "ಹೀಗೆ ಬರೋದು ಬರೋದಲ್ಲ ಕಣ್ರೀ."

ಮನೆಯಲ್ಲೇ ಇರುವ ದೊಡ್ಡಪ್ಪನ ಗತಿಯಂತೂ ಕೇಳಬೇಡಿ. "ಮೂರು ವರ್ಷದಿಂದ ಒಂದೇ ಗ್ಲೌಸು ಕಣೇ," ಎಂದು ಅವರು ಗೊಣಗಿದರೆ, "ನೀವು ಎಲ್ಲಿಗಾದ್ರೂ ಹೋದ್ರೆ ತಾನೇ ವಾಪಸ್ ಬರೋದು?" ಎಂಬ ಉತ್ತರ ಸಿದ್ಧವಿತ್ತು.

ಈ ಉಪಾಯ ಫಲಿಸದೇ ಹೋದದ್ದು ಒಬ್ಬರ ಮೇಲೆ ಮಾತ್ರ. ಅವರು ಅಗ್ರಹಾರದಲ್ಲಿರುವ ನಮ್ಮ ಚಿಕ್ಕಮ್ಮ, ದೊಡ್ಡಮ್ಮನ ತಂಗಿ. ತಮ್ಮ ಮನೆಯ ಗೃಹಪ್ರವೇಶದಲ್ಲಿ ಚಿಕ್ಕಮ್ಮ ತಾವೇ ನಿಂತು ಬಿಸಿಬೇಳೆ ಬಾತ್ ಮಾಡಿದ್ದರು. ಅಕ್ಕ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಹುಳಿ ಮುಂದಾಯ್ತು," ಎಂದುಬಿಟ್ಟರು. ಅಂದಿನಿಂದ ಮಾತಿಲ್ಲ. ನಡೆದರೆ ಕಾಲು ಗಂಟೆಯ ದಾರಿ. ಅಕ್ಕತಂಗಿಯರಿಗೆ ನಾಲ್ಕು ವರ್ಷವಾದರೂ ಸವೆದಿರಲಿಲ್ಲ.

ಎರಡು ವರ್ಷದ ಹಿಂದಿನ ಚಳಿಯಲ್ಲಿ ದೊಡ್ಡಮ್ಮ ನನ್ನ ಕೈಯಲ್ಲಿ ತಂಗಿಗೊಂದು ಕೆಂಪು ಗವಸು ಕಳಿಸಿದರು. ಇನ್ನೊಂದು ಬೇಕಿದ್ದರೆ ಅವಳೇ ಬರಬೇಕೆಂದು ಹೇಳಿಯೂ ಕಳಿಸಿದರು. ಚಿಕ್ಕಮ್ಮ, "ನಂಗೆ ಒಂದು ಕೈ ಸಾಕು ಅನ್ನು," ಎಂದರು. ಬರಲಿಲ್ಲ.

ಹೋದ ವರ್ಷ ದೊಡ್ಡಮ್ಮನಿಗೆ ತಾಳ್ಮೆ ತಪ್ಪಿತು. ನೆನಪಿಸಿದ ಹಾಗಾಗಲಿ ಎಂದು ಅದೇ ಬಣ್ಣದ ಇನ್ನೊಂದನ್ನು ಕಳಿಸಿದರು. ಅವರ ಗವಸಿಗೆ ಎಡ ಬಲ ಎಂಬುದಿಲ್ಲ, ಯಾವ ಕೈಗಾದರೂ ಸರಿ. ಕೊಡುವಾಗ ಅವರಿಗಾಗಲಿ ಒಯ್ಯುವಾಗ ನನಗಾಗಲಿ ಇದು ಹೊಳೆಯಲಿಲ್ಲ. ಚಿಕ್ಕಮ್ಮನಿಗೆ ತಕ್ಷಣ ಹೊಳೆಯಿತು. ಎರಡೂ ಕೈಗೆ ತೊಟ್ಟು, "ಜೋಡಿ ಆಯ್ತಲ್ಲ. ಇನ್ನು ನಾನು ಬರೋ ಕೆಲಸವೇ ಇಲ್ಲ ಅಂತ ಹೇಳು ನಿಮ್ಮ ದೊಡ್ಡಮ್ಮಂಗೆ," ಎಂದು ನಕ್ಕರು.

ಹೇಳಿದೆ. ದೊಡ್ಡಮ್ಮನ ಕಡ್ಡಿ ನಿಂತಿತು. "ನಾನೇ ಜೋಡಿ ಮಾಡಿ ಕಳಿಸ್ಬುಟ್ನಲ್ಲೋ," ಎಂದು ಉಣ್ಣೆಯ ಉಂಡೆಯನ್ನು ಎತ್ತಿ ಒಳಗಿಟ್ಟರು. ಆ ಚಳಿಗಾಲದ ಮಿಕ್ಕ ದಿನಗಳಲ್ಲಿ ಯಾರಿಗೂ ಏನೂ ಸಿಗಲಿಲ್ಲ. ದಿನಚರಿಯ ಆ ಪುಟಗಳಲ್ಲಿ ಬರೀ ಗೀಟುಗಳಿವೆ.

ಈ ಡಿಸೆಂಬರಿನ ಮೊದಲ ಭಾನುವಾರ ಅವರು ನನ್ನ ಮುಂದೆ ಮತ್ತೊಂದು ಕೆಂಪು ಗವಸು ಹಿಡಿದರು. "ಮೂರಾದ್ರೆ ಒಂದಕ್ಕೆ ಮತ್ತೆ ಜೋಡಿ ಇರಲ್ಲ. ಅಲ್ವೇನೋ? ಲೆಕ್ಕ ಬರೆಯೋನು ನೀನು, ಹೇಳು."

"ಇರಲ್ಲ ದೊಡ್ಡಮ್ಮ."

ನಾನು ಒಯ್ದು ಕೊಟ್ಟಾಗ ಚಿಕ್ಕಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಈ ಸಲ ನಗಲಿಲ್ಲ, ಏನೂ ಹೇಳಲಿಲ್ಲ. ನನ್ನ ವರದಿ ಕೇಳಿ ದೊಡ್ಡಮ್ಮ, "ಏನೂ ಅನ್ಲಿಲ್ವಾ?" ಎಂದು ಮೂರು ಸಲ ಕೇಳಿದರು.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಗೇಟು ಸದ್ದಾಯಿತು. ಚಿಕ್ಕಮ್ಮ! ದೊಡ್ಡಮ್ಮ ತಲೆ ಎತ್ತಲಿಲ್ಲ, ಹೆಣೆಯುತ್ತಲೇ ಇದ್ದರು. ನಾನು ಗಮನಿಸಿದೆ, ಕಡ್ಡಿಯ ಮೇಲೆ ನೂಲೇ ಇರಲಿಲ್ಲ.

ಚಿಕ್ಕಮ್ಮ ಪಕ್ಕದಲ್ಲಿ ಕುಳಿತು ಚೀಲದಿಂದ ಒಂದು ಗವಸು ತೆಗೆದರು. "ಅಕ್ಕ, ನಂಗಿರೋದು ಎರಡೇ ಕೈ. ಇದೊಂದು ಜಾಸ್ತಿ ಆಗೋಯ್ತು. ನಿಂಗಾಗುತ್ತಾ ನೋಡು."

ಅಕ್ಕನ ಕೈಯಿಂದ ಕಡ್ಡಿ ಬಿಡಿಸಿ, ಮಕ್ಕಳಿಗೆ ತೊಡಿಸುವ ಹಾಗೆ ಒಂದೊಂದೇ ಬೆರಳು ಒಳಗೆ ಸೇರಿಸಿದರು. ದೊಡ್ಡಮ್ಮ ತಮಗಾಗಿ ಒಂದನ್ನೂ ಹೆಣೆದುಕೊಂಡಿರಲಿಲ್ಲ. ಅದು ನನಗೆ ಗೊತ್ತಾದದ್ದು ಆಗಲೇ.

"ಕೈ ಎಷ್ಟು ತಣ್ಣಗಿದ್ಯಲ್ಲೇ," ಎಂದರು ಚಿಕ್ಕಮ್ಮ.

ಜಗಲಿಯ ಮೇಲೆ ಒಳ್ಳೆಯ ಬಿಸಿಲಿತ್ತು. ಗವಸು ಬೇಕೆನ್ನುವಷ್ಟು ಚಳಿ ಎಲ್ಲೂ ಇರಲಿಲ್ಲ. ಆದರೂ ದೊಡ್ಡಮ್ಮ ಊಟಕ್ಕೆ ಏಳುವವರೆಗೂ ಅದನ್ನು ತೆಗೆಯಲಿಲ್ಲ.