ನಾಲ್ಕು ಬೆರಳು ತಗ್ಗಿದ ಗಾಡಿ, ತಗ್ಗದ ಹಂಪ್ಸು

ಇಂದ:
ಸಿದ್ದರಾಜು ಬಿನ್ ಲೇಟ್ ಮಂಚಯ್ಯ,
ಕಾಲೇಜು ಪ್ರಯೋಗಾಲಯದ ಸಹಾಯಕ,
ಹಾಲಿನ ಡೈರಿಯಿಂದ ಆಚೆಗಿನ ಮನೆ, ಅತ್ತಿಕೊಪ್ಪಲು,
ಕಿಕ್ಕೇರಿ ಹೋಬಳಿ, ಕೃಷ್ಣರಾಜಪೇಟೆ ತಾಲ್ಲೂಕು.

ಗೆ:
ಶ್ರೀ ಅನಂತರಾಮು ಅವರು,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಅತ್ತಿಕೊಪ್ಪಲು ಗ್ರಾಮ ಪಂಚಾಯಿತಿ.

ವಿಷಯ: ಡೈರಿ ಮುಂದಿನ ರಸ್ತೆ ಉಬ್ಬನ್ನು, ಅಂದರೆ ಊರವರ ಬಾಯಲ್ಲಿ ಹಂಪ್ಸನ್ನು, ತಗ್ಗಿಸಿಕೊಡುವ ಬಗ್ಗೆ.

ಉಲ್ಲೇಖ: 1. ಡೈರಿ ಕಟ್ಟೆಯ ಮೇಲೆ ತಾವು ಮೌಖಿಕವಾಗಿ ನೀಡಿದ "ನೋಡೋಣ" ಎಂಬ ಭರವಸೆ.
2. ಗಾಡಿ ಹಂಪ್ಸಿಗೆ ಸಿಕ್ಕಿಕೊಂಡ ಮೊದಲ ದಿನ ಅರ್ಜಿದಾರನ ತಾಯಿ ದ್ಯಾವಮ್ಮನವರು ತಮಗೆ ಹೇಳಿಕಳಿಸಿದ ಮಾತು. ಅದರ ಭಾಷೆ ಅರ್ಜಿಗೆ ಒಗ್ಗದ ಕಾರಣ ಇಲ್ಲಿ ನಮೂದಿಸಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, "ನಾನು, ನಾನು" ಎಂದು ಬರೆದರೆ ಅಹಂಕಾರ ಕಂಡೀತೆಂಬ ಕಾರಣಕ್ಕೆ ಅರ್ಜಿದಾರನನ್ನು ಈ ಅರ್ಜಿಯುದ್ದಕ್ಕೂ ಸಿದ್ದರಾಜು ಎಂದೇ ಕರೆಯಲಾಗಿದೆ.

1. ದ್ಯಾವಮ್ಮನವರು ಸೋಬಾನೆ ಹಾಡುವವರು. ಸುತ್ತಮುತ್ತ ಯಾರ ಮನೆಯಲ್ಲಿ ಚಪ್ಪರ ಬಿದ್ದರೂ ಅವರಿಗೆ ಕರೆ ಬರುತ್ತಿತ್ತು. ಅವರು ಒಂದು ಸೊಲ್ಲು ಎತ್ತಿದರೆ ಹೊಣಕೆರೆಯ ಕುಳ್ಳಮ್ಮನವರು ಅದನ್ನು ಹಿಡಿದು ಮುಂದಿನ ಸೊಲ್ಲು ಹೇಳುತ್ತಿದ್ದರು. ಇಬ್ಬರೂ ಹರೆಯದಿಂದ ಹೀಗೆಯೇ ಹಾಡಿಕೊಂಡು ಬಂದವರು.

2. ಸಿದ್ದರಾಜು ಒಂದು ಎಸ್‌ಯುವಿ ಕೊಂಡ. ನಾಲೆ ಏರಿಯ ಮೇಲೂ ಓಡುತ್ತದೆ, ಮನೆ ಮಂದಿಯೆಲ್ಲ ಹಿಡಿಸುತ್ತಾರೆ, ಅವ್ವನನ್ನು ಮದುವೆಗಳಿಗೆ ರಾಣಿಯ ಹಾಗೆ ಕರೆದುಕೊಂಡು ಹೋಗಬಹುದು ಎಂಬುದು ಅವನ ಲೆಕ್ಕಾಚಾರ. ಗಾಡಿಯ ಎತ್ತರವನ್ನೂ ಅವ್ವನ ಮಂಡಿಯನ್ನೂ ಅವನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಕೆ.ಆರ್.ಪೇಟೆಯ ಒಂದು ಛತ್ರದ ಬಾಗಿಲಲ್ಲಿ, ತುಂಬಿದ ಜನರ ಮುಂದೆ, ಇವನೂ ಇನ್ನೊಬ್ಬನೂ ಸೇರಿ ಅವರನ್ನು ಎತ್ತಿ ಒಳಗೆ ಕೂರಿಸಿದರು. ಸೆರಗು ಜಾರಿತು. ಯಾರೋ ನಕ್ಕರು. ಮನೆ ಮುಂದೆ ಇಳಿದ ಮೇಲೆ ದ್ಯಾವಮ್ಮನವರು ಹೇಳಿದರು:

"ನಾನೇನು ಭತ್ತದ ಮೂಟೆಯೇನ್ಲಾ? ಇನ್ಮೇಲೆ ಈ ಗಾಡಿ ಅತ್ತಾಕಿಲ್ಲ ಬುಡು."

ಬಸ್ಸಿನ ಮೆಟ್ಟಿಲೂ ಅವರ ಮಂಡಿಗೆ ಆಗುತ್ತಿರಲಿಲ್ಲವಾದ್ದರಿಂದ, ಅಂದಿನಿಂದ ನಡೆದು ಹೋಗುವಷ್ಟು ದೂರದ ಮದುವೆಗಳನ್ನು ಬಿಟ್ಟರೆ ಮಿಕ್ಕೆಲ್ಲ ನಿಂತವು. ಬರುಬರುತ್ತಾ ಅಡುಗೆಮನೆಯಲ್ಲಿ ಗುನುಗುವುದೂ ನಿಂತಿತು. ಗಾಡಿ ಮಾರಿಬಿಡೋಣ ಎಂದು ಸಿದ್ದರಾಜುವಿನ ಹೆಂಡತಿ ಅಕ್ಷಿತಾ ಹೇಳಿದ್ದು ನಿಜ. ಸಣ್ಣ ಕಾರು ತಂದರೆ ನಾಲೆ ಏರಿ ದಾಟುವುದಿಲ್ಲ ಎಂದು ಇವನು ವಾದಿಸಿದ್ದೂ ನಿಜ. ಗಾಡಿಯ ಮೇಲೆ ಅವನಿಗೆ ಆಸೆಯಿತ್ತು ಎಂಬುದನ್ನು ಈ ಅರ್ಜಿ ಅಲ್ಲಗಳೆಯುವುದಿಲ್ಲ.

3. ಹೀಗಿರುವಾಗ ಕುಳ್ಳಮ್ಮನವರು ಮೊಮ್ಮಗಳ ಮದುವೆಗೆ ಕರೆಯಲು ಖುದ್ದು ಬಂದರು. ದ್ಯಾವಮ್ಮನವರು ಮಂಡಿ ನೆಪ ಹೇಳಿದರು. ಕುಳ್ಳಮ್ಮನವರು ಕುಂಕುಮದ ಬಟ್ಟಲನ್ನು ಕೆಳಗಿಟ್ಟು, "ನೀ ಬರ್ದಿದ್ರೆ ನಾನು ಬಾಯಿ ತೆಗೆಯಾಕಿಲ್ಲ ಕಣಮ್ಮಿ. ಮದ್ವೆ ಮೂಗ್ರ ಮದ್ವೆ ಆಯ್ತದೆ, ಆಗ್ಲಿ," ಎಂದು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಅವ್ವ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವ್ವ ಗಾಡಿಗೆ ಏರದಿದ್ದರೆ ಗಾಡಿಯೇ ಅವ್ವನ ಬಳಿಗೆ ಇಳಿಯಬೇಕು ಎಂದು ಸಿದ್ದರಾಜುವಿಗೆ ಹೊಳೆದದ್ದು ಆಗ.

4. ಪಾಂಡವಪುರದಲ್ಲಿ ಗ್ಯಾರೇಜು ಇಟ್ಟಿರುವ ಧರ್ಮೇಂದ್ರ ದ್ಯಾವಮ್ಮನವರ ತಂಗಿಯ ಮಗ. ಆಗುವುದಿಲ್ಲ ಎಂಬ ಮಾತು ಅವನಿಗೆ ಬರುವುದಿಲ್ಲ. ಗಾಡಿಯ ಸ್ಪ್ರಿಂಗುಗಳನ್ನು ಬಿಚ್ಚಿ, ಕಬ್ಬು ಕಡಿದಷ್ಟು ಸಲೀಸಾಗಿ ಒಂದೊಂದು ಸುತ್ತು ಕತ್ತರಿಸಿ, ಮಧ್ಯಾಹ್ನದೊಳಗೆ ಗಾಡಿ ತಗ್ಗಿಸಿಕೊಟ್ಟ. ಅದನ್ನು ತಂದು ಮನೆ ಮುಂದೆ ನಿಲ್ಲಿಸಿದಾಗ ದ್ಯಾವಮ್ಮನವರು ನೆರಿಗೆ ಹಿಡಿದುಕೊಂಡು ತಾವೇ ಹತ್ತಿ ಕುಳಿತರು. ಅವರ ಮುಖ ನೋಡಿ ಸಿದ್ದರಾಜು ಅಲ್ಲಿದ್ದವರಿಗೆಲ್ಲ ಟೀ ಹೇಳಿದ.

ಆ ಸಂತೋಷ ಕಬ್ಬಿನ ಲಾರಿಗಳು ಓಡಾಡಿ ಕಿತ್ತಿಟ್ಟ ರಸ್ತೆ ಸಿಗುವವರೆಗೆ ಬಾಳಿತು. ಸ್ಪ್ರಿಂಗು ಗಿಡ್ಡವಾಗಿತ್ತು, ಹಳೆಯ ಶಾಕ್ ಅಬ್ಸರ್ಬರುಗಳಿಗೆ ಆಡಲು ಜಾಗವಿರಲಿಲ್ಲ. ಒಂದೊಂದು ಗುಂಡಿಯೂ ನೇರವಾಗಿ ಬೆನ್ನುಮೂಳೆಗೆ ಬಂದು ಬಡಿಯಿತು. ಹಿಂದಿನ ಸೀಟಿನಲ್ಲಿ ದ್ಯಾವಮ್ಮನವರು ಹುಮ್ಮಸ್ಸಿನಿಂದ ಸೋಬಾನೆ ಎತ್ತಿದ್ದರು. ಅದು "ಸೋ", "ಬಾ", "ಬಾ", "ನೆ" ಎಂದು ಚೂರುಚೂರಾಗಿ ಹೊರಬಿತ್ತು.

"ಎತ್ತಿನ ಗಾಡೀಲಿ ಕುಂತು ಸೋಬಾನೆ ಆಡಿವ್ನಿ ಕಣ್ಲಾ," ಎಂದರು. "ಇದು ಗಾಡಿಯಲ್ಲ, ಒನಕೆ."

5. ಧರ್ಮೇಂದ್ರನಿಗೆ ನಾಚಿಕೆಯಾಯಿತು. ಮರುದಿನವೇ ಅಂಗಡಿ ಮುಚ್ಚಿ, ದೊಡ್ಡಮ್ಮನನ್ನೂ ಸಿದ್ದರಾಜುವನ್ನೂ ಶ್ರೀರಂಗಪಟ್ಟಣದಲ್ಲಿ ಸಸ್ಪೆನ್ಷನ್ ಕೆಲಸವನ್ನೇ ಮಾಡುವ ಒಂದು ಕಡೆಗೆ ಕರೆದುಕೊಂಡು ಹೋದ. ಅಲ್ಲಿ ತಿಳಿದದ್ದಿಷ್ಟು: ಇರುವ ಸ್ಪ್ರಿಂಗನ್ನು ಕತ್ತರಿಸಬಾರದು. ಆ ಗಾಡಿಯ ಭಾರ ಹೊರುವಂತೆಯೇ ಮಾಡಿದ ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಗಿಡ್ಡ ಶಾಕ್ ಅಬ್ಸರ್ಬರು, ಎರಡನ್ನೂ ಜೋಡಿಯಾಗಿ ಹಾಕಬೇಕು. ತೀರಾ ನೆಲಕ್ಕೆ ತಾಗಿಸದೆ ನಾಲ್ಕು ಬೆರಳು ತಗ್ಗಿಸಿದರೆ ಸಾಕು, ಕುಳಿತವರ ಸುಖ ಉಳಿಯುತ್ತದೆ.

ಸುಖ ಉಳಿದಿದೆಯೋ ಇಲ್ಲವೋ ಎಂದು ನೋಡುವ ಕೆಲಸ ದ್ಯಾವಮ್ಮನವರದಾಯಿತು. ಧರ್ಮೇಂದ್ರ ಓಡಿಸುವುದು, ಅವರು ಹಿಂದೆ ಕುಳಿತು ಹಾಡುವುದು. ಮೊದಲು ಹಾಕಿದ ಜೋಡಿ ಬಿರುಸಾಯಿತು, ಸೊಲ್ಲು ನಡುವೆ ಕಡಿಯಿತು. ಬಿಚ್ಚಿದರು. ಆಮೇಲೆ ಹಾಕಿದ್ದು ಮೆತ್ತಗಿತ್ತು. ಪಾಂಡವಪುರದ ದಾರಿಯಲ್ಲಿ ಚಕ್ರ ಗುಂಡಿಗೆ ಬಿತ್ತು, ಗಾಡಿ ಇಳಿದು ಎದ್ದಿತು, ದನಿ ಮಾತ್ರ ಎಳೆ ಕಡಿಯದೆ ನಡೆಯಿತು. ಕೇಳುತ್ತಾ ಕೇಳುತ್ತಾ ಧರ್ಮೇಂದ್ರ ವಾಪಸು ತಿರುಗುವುದನ್ನೇ ಮರೆತು ತನ್ನ ಗ್ಯಾರೇಜಿನವರೆಗೂ ಬಂದುಬಿಟ್ಟ. ಸಿದ್ದರಾಜು ಶ್ರೀರಂಗಪಟ್ಟಣದಲ್ಲಿಯೇ ಕಾಯುತ್ತಾ ಕುಳಿತಿದ್ದ.

6. ಮದುವೆಯ ಬೆಳಿಗ್ಗೆ ಮನೆಮಂದಿಯೆಲ್ಲ ರೇಷ್ಮೆಯುಟ್ಟು ಹೊರಟರು. ಹಿಂದಿನ ದಿನವಷ್ಟೇ ತಮ್ಮ ಪಂಚಾಯಿತಿಯ ವತಿಯಿಂದ ಡೈರಿ ಮುಂದೆ ಸದರಿ ಹಂಪ್ಸು ಎದ್ದಿತ್ತು. ಮುಂದಿನ ಚಕ್ರ ಆಚೆಗೆ ಇಳಿಯಿತು, ಹಿಂದಿನದು ಈಚೆಗೇ ಉಳಿಯಿತು, ಗಾಡಿಯ ಹೊಟ್ಟೆ ಹಂಪ್ಸಿನ ಮೇಲೆ ಕುಳಿತಿತು. ಭಾರ ಇಳಿಸದೆ ದಾಟುವಂತಿರಲಿಲ್ಲ. ಎಲ್ಲರೂ ಇಳಿದರು, ದ್ಯಾವಮ್ಮನವರೊಬ್ಬರು ಉಳಿದರು.

ಹಾಲಿನ ಕ್ಯಾನು ಹಿಡಿದು ಅರ್ಧ ಊರು ನಿಂತಿತ್ತು. ಸಿದ್ದರಾಜುವಿಗೆ ಛತ್ರದ ಬಾಗಿಲು ನೆನಪಾಯಿತು. ಇಳಿಸಿದರೆ ಮತ್ತೆ ಹತ್ತುತ್ತಾರೋ, ಇಲ್ಲಾ ಸೀದಾ ಮನೆಗೆ ನಡೆಯುತ್ತಾರೋ? ಅವನು ಎರಡೂ ಕೈ ಚಾಚಿದ.

"ಮುಟ್ಬೇಡ ಕಣ್ಲಾ," ಎಂದರು. "ಇಳ್ದೋಳಿಗೆ ಅತ್ತಾಕೂ ಗೊತ್ತದೆ."

ಇಳಿದರು. ಗಾಡಿ ಹಂಪ್ಸು ದಾಟಿತು. ಸೆರಗು ಸಿಕ್ಕಿಸಿ, ಬಾಗಿಲಿನ ಹಿಡಿ ಹಿಡಿದು, ಕಾಲಿಟ್ಟು ಹತ್ತಿ ಕುಳಿತರು. ಡೈರಿಯವರೊಬ್ಬರು ಸ್ಟೂಲು ತಂದಿದ್ದರು. ದ್ಯಾವಮ್ಮನವರು ಅವರನ್ನು ನೋಡಿದ ರೀತಿಗೆ, ಪಾಪ, ಅವರೇ ಅದರ ಮೇಲೆ ಕುಳಿತುಕೊಂಡರು. ಯಾರೂ ನಗಲಿಲ್ಲ.

7. ಹೊಣಕೆರೆ ತಲುಪಿದಾಗ ತಡವಾಗಿತ್ತು. ಮೈಕಿನಲ್ಲಿ ಯಾವುದೋ ಹಾಡು ಅರಚುತ್ತಿತ್ತು. ಕುಳ್ಳಮ್ಮನವರು ಹೇಳಿದಂತೆಯೇ ಬಾಯಿಗೆ ಬೀಗ ಹಾಕಿಕೊಂಡು ಚಪ್ಪರದ ಕಂಬಕ್ಕೆ ಒರಗಿದ್ದರು. ಗಾಡಿಯನ್ನು ಕಂಡವರೇ ಮೈಕು ನಿಲ್ಲಿಸಿರೆಂದು ಕೈ ಬೀಸಿ ಮೊದಲ ಸೊಲ್ಲು ಎತ್ತಿದರು. ದ್ಯಾವಮ್ಮನವರು ಇನ್ನೂ ಸೀಟಿನಲ್ಲಿದ್ದರು. ಕುಳಿತಲ್ಲಿಂದಲೇ ಎರಡನೆಯ ಸೊಲ್ಲು ಹೇಳಿದರು, ಮೂರನೆಯದಕ್ಕೆ ತಾವೇ ಇಳಿದು ನಡೆದರು. ಸಿದ್ದರಾಜು ಗಾಡಿ ನಿಲ್ಲಿಸಿ ಬರುವ ನೆಪದಲ್ಲಿ ಚಪ್ಪರದ ಹಿಂದಕ್ಕೆ ಹೋಗಿ ಕಣ್ಣೊರೆಸಿಕೊಂಡು ಬಂದ.

8. ಆಮೇಲಿಂದ ದ್ಯಾವಮ್ಮನವರಿಗೆ ಪುರುಸೊತ್ತಿಲ್ಲ. ನಾಗಮಂಗಲದಿಂದಲೂ ಕರೆ ಬರುತ್ತಿದೆ. ಪ್ರತಿ ಸಲವೂ ಹಂಪ್ಸಿನಲ್ಲಿ ಎಲ್ಲರೂ ಇಳಿಯಬೇಕು. ದ್ಯಾವಮ್ಮನವರಿಗೆ ಈಗ ಅದರಿಂದ ಬೇಸರವಿಲ್ಲ, ಊರೆಲ್ಲ ತಮ್ಮನ್ನು ನೋಡಲೆಂದು ಅವರು ಖುಷಿಯಾಗಿಯೇ ಇಳಿದು ಹತ್ತುತ್ತಾರೆ. ಅಕ್ಷಿತಾಳಿಗೆ ಬೇಸರವಿದೆ. ಗಾಡಿಯ ಹೊಟ್ಟೆಗಂತೂ ಬಹಳ ಇದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಸದರಿ ಹಂಪ್ಸನ್ನು ನಾಲ್ಕು ಬೆರಳು ತಗ್ಗಿಸಿಕೊಡಬೇಕಾಗಿ ಸವಿನಯ ಪ್ರಾರ್ಥನೆ. ತಮ್ಮ ಮಗಳು ಸುಮೇಧಾಳ ಮದುವೆಗೆ ಸೋಬಾನೆ ಹೇಳಲು ತಾವು ನಿನ್ನೆ ಬಂದು ದ್ಯಾವಮ್ಮನವರನ್ನು ಕರೆದಿದ್ದೀರಿ, ಅವರು ಒಪ್ಪಿದ್ದಾರೆ. ಕಾರಣ, ಅವರು ವೇಳೆಗೆ ಸರಿಯಾಗಿ ತಲುಪುವುದು ಇನ್ನು ತಮ್ಮ ಕಚೇರಿಯ ವ್ಯಾಪ್ತಿಗೇ ಬರುತ್ತದೆ. ಹಂಪ್ಸನ್ನು ಇಳಿಸಲು ನಿಯಮದಲ್ಲಿ ಅವಕಾಶವಿಲ್ಲದಿದ್ದಲ್ಲಿ, ಉಳಿದ ರಸ್ತೆಯನ್ನು ಅದರ ಮಟ್ಟಕ್ಕೆ ಏರಿಸಿಕೊಟ್ಟರೂ ಅರ್ಜಿದಾರನ ಅಭ್ಯಂತರವಿರುವುದಿಲ್ಲ.

ಹಂಪ್ಸಿನ ಆಚೆ ಬದಿಯಿಂದ,
ತಮ್ಮ ವಿಶ್ವಾಸಿ,
ಸಿದ್ದರಾಜು

ಲಗತ್ತುಗಳು:
1. ಗಾಡಿಯ ಹೊಟ್ಟೆಯ ಭಾವಚಿತ್ರ, ಗೀರುಗಳ ಸಮೇತ.
2. ಕುಳ್ಳಮ್ಮನವರ ಹೆಬ್ಬೆಟ್ಟಿನ ಬೆಂಬಲ.
3. ಒಬ್ಬಟ್ಟು, ಒಂದು ಡಬ್ಬಿ. ಇದು ಲಂಚವಲ್ಲ, ಮದುವೆಯದು. ಡಬ್ಬಿಯನ್ನು ದಯಮಾಡಿ ಹಿಂತಿರುಗಿಸುವುದು.