ಹಸಿರು ಚುಕ್ಕಿ ಮತ್ತು ಮುನಿಯಕ್ಕನ ಲೋಟ

ನನಗೊಂದು ಕೆಟ್ಟ ಕುತೂಹಲವಿದೆ. ಒಬ್ಬರೇ ಇರುವವರು ಈಗ ಏನು ಮಾಡುತ್ತಿರಬಹುದು, ಕೈಕಾಲು ನೆಟ್ಟಗಿವೆಯೋ ಇಲ್ಲವೋ ಎಂದು ತಿಳಿಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಹೆಂಡತಿ ಸ್ನಾನಕ್ಕೆ ಹೋಗಿ ಹತ್ತು ನಿಮಿಷವಾದರೆ ಬಚ್ಚಲ ಬಾಗಿಲು ಬಡಿದು "ಸರಿಯಾಗಿದೀಯಾ?" ಎಂದು ಕೇಳುತ್ತೇನೆ. "ಸತ್ತೋಗಿದೀನಿ, ಹೋಗ್ರೀ ಆಚೆ" ಎಂದು ಒಳಗಿನಿಂದ ಉತ್ತರ ಬರುತ್ತದೆ. ಉತ್ತರ ಬಂತಲ್ಲ, ನನಗೆ ಅಷ್ಟು ಸಾಕು. ಇಂಥ ಗುಣವನ್ನು ಹೊರಗೆ ಹೇಳಿಕೊಳ್ಳಬಾರದು ನಿಜ. ಆದರೆ ನನ್ನ ಪುಣ್ಯಕ್ಕೆ ಇದಕ್ಕೇ ಸಂಬಳ ಕೊಡುವವರೂ ಸಿಕ್ಕಿದರು. ಜಿಗಣಿಯ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್.

ನಮ್ಮ ಕಾರ್ಖಾನೆಯ ಹಿಂಭಾಗದಲ್ಲಿ ಕೊಳಕು ನೀರನ್ನು ಶುದ್ಧ ಮಾಡುವ ತೊಟ್ಟಿಗಳಿವೆ. ಅಲ್ಲಿ ಹಗಲೆಲ್ಲ ಒಬ್ಬನೇ ಒಬ್ಬ ಮನುಷ್ಯ, ರಾಯಚೂರಿನ ಕಡೆಯ ಶರಣಪ್ಪ. ಅಕ್ಕಪಕ್ಕ ಪಂಪುಗಳ ಗದ್ದಲ. ಅವನು ಜಾರಿ ಬಿದ್ದು ಬೊಬ್ಬೆ ಹೊಡೆದರೂ ಕೇಳುವವರಿಲ್ಲ. ಈ ಯೋಚನೆ ನನ್ನ ತಲೆ ತಿನ್ನುತ್ತಿದ್ದಾಗ ಮ್ಯಾನೇಜರ್ ಸಾಹೇಬರು ಒಂದು ಪುಟ್ಟ ಡಬ್ಬಿ ತರಿಸಿಕೊಟ್ಟರು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು ಎರಡು ನಿಮಿಷ ಅಲುಗಾಡದಿದ್ದರೆ ಅದು ಕಿರುಚಿಕೊಳ್ಳುತ್ತದೆ, ನನ್ನ ಕಂಪ್ಯೂಟರಿನಲ್ಲಿ ಹಸಿರು ಚುಕ್ಕಿ ಕೆಂಪಾಗುತ್ತದೆ. ಮೊದಲ ವಾರ ದಿನಕ್ಕೆ ಐದಾರು ಸಲ ಕೆಂಪಾಯಿತು. ಪ್ರತಿ ಸಲವೂ ನಾನು ಹೆಲ್ಮೆಟ್ ಹಾಕಿಕೊಂಡು ಏದುಸಿರು ಬಿಡುತ್ತ ಓಡಿದೆ. ಪ್ರತಿ ಸಲವೂ ಶರಣಪ್ಪ ರೊಟ್ಟಿ ತಿನ್ನುತ್ತಲೋ ಗೋಡೆಗೆ ಒರಗಿಯೋ ಕೂತಿದ್ದ. ಎರಡನೆಯ ವಾರದಿಂದ ಚುಕ್ಕಿ ಕೆಂಪಾಗುವುದೇ ನಿಂತುಹೋಯಿತು.

ನನಗೆ ಆಶ್ಚರ್ಯ. ಪರದೆಯ ಪ್ರಕಾರ ಶರಣಪ್ಪ ಬೆಳಗಿನಿಂದ ಸಂಜೆಯವರೆಗೆ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಊಟದ ಹೊತ್ತಿನಲ್ಲೂ ಓಡಾಟ! ನಮ್ಮ ಆಫೀಸಿನವರು ಇವನನ್ನು ನೋಡಿ ಕಲಿಯಬೇಕು ಎಂದುಕೊಂಡು, ವರ್ಷದ ಅತ್ಯಂತ ಚುರುಕಿನ ನೌಕರನೆಂದು ಅವನ ಹೆಸರನ್ನು ಶಿಫಾರಸು ಮಾಡಿ ಪತ್ರವನ್ನೂ ಬರೆದೆ. ಎದ್ದು ಹೋಗಿ ಕಣ್ಣಾರೆ ನೋಡೋಣ ಅಂತ ಮಾತ್ರ ಅನ್ನಿಸಲಿಲ್ಲ. ಚುಕ್ಕಿ ಹಸಿರಾಗಿರುವಾಗ ಬಿಸಿಲಲ್ಲಿ ಯಾರು ನಡೆಯುತ್ತಾರೆ ಹೇಳಿ.

ನಮ್ಮ ಕ್ಯಾಂಟೀನಿನ ಮುನಿಯಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಕಾರ್ಖಾನೆ ನಿಂತಿರುವ ಜಾಗ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ಈಗ ಆರು ಬಾಡಿಗೆ ಮನೆಗಳ ಒಡತಿಯಾದರೂ ಸುಮ್ಮನೆ ಕೂತರೆ ಮಂಡಿ ಹಿಡಿಯುತ್ತದೆ ಎಂದು ಕ್ಯಾಂಟೀನ್ ನಡೆಸುತ್ತಾರೆ. ಅಲ್ಲಿ ಟೀ ಕುಡಿಯುವ ಪ್ರತಿಯೊಬ್ಬರಿಗೂ ಹೆಸರು ಕೆತ್ತಿದ ಸ್ಟೀಲ್ ಲೋಟ. ಹನ್ನೊಂದಕ್ಕೆ ಟೀ ಒಯ್ದವರು ಹನ್ನೊಂದೂವರೆಯೊಳಗೆ ಲೋಟ ತಂದು ಹಲಗೆಯ ಮೇಲೆ ಬೋರಲು ಹಾಕಬೇಕು. ತಪ್ಪಿದರೆ ಅವರ ಬಾಯಿಗೆ ಬೀಳುವುದು ಖಂಡಿತ. ಇದು ಜಿಪುಣತನವೆಂದೇ ನಾನು ತಿಳಿದಿದ್ದೆ.

ಒಂದು ದಿನ ಮುನಿಯಕ್ಕ ನೇರ ನನ್ನ ಕೋಣೆಗೆ ಬಂದರು. "ಸಾರ್, ಶರಣಪ್ಪನ ಲೋಟ ಬಂದಿಲ್ಲ."

"ಬರುತ್ತೆ ಬಿಡಿ ಮುನಿಯಕ್ಕ, ಇಲ್ನೋಡಿ," ಎಂದು ಹೆಮ್ಮೆಯಿಂದ ಪರದೆಯನ್ನು ಅವರತ್ತ ತಿರುಗಿಸಿದೆ. "ಹಸಿರು! ಹೆಂಗ್ ಓಡಾಡ್ತಿದಾನೆ ನೋಡಿ."

ಅವರು ಚುಕ್ಕಿಯನ್ನೂ ನೋಡಿದರು, ನನ್ನನ್ನೂ ನೋಡಿದರು. "ಅಂಗೆ ಓಡಾಡೋನು ಲೋಟ ಯಾಕ್ ತಂದಿಕ್ಕಿಲ್ಲ?" ಎಂದವರೇ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಹಾಳು ಕುತೂಹಲ, ಹಿಂದೆಯೇ ಹೋದೆ.

ಶರಣಪ್ಪ ತೊಟ್ಟಿಯ ಅಂಚಿನಲ್ಲಿ ಬಿದ್ದಿದ್ದ. ಪಾಚಿಯ ಮೇಲೆ ಕಾಲು ಜಾರಿ ಮೂಳೆ ಮುರಿದಿತ್ತು, ಒಂದು ತೋಳು ನೀರಿನತ್ತ ಜೋತುಬಿದ್ದಿತ್ತು. ಇನ್ನೊಂದು ಗೇಣು ಜಾರಿದ್ದರೆ ತೊಟ್ಟಿಯೊಳಗೆ. ಕೂಗಿ ಕೂಗಿ ಅವನ ಗಂಟಲು ಕಟ್ಟಿಹೋಗಿತ್ತು. ಹತ್ತು ಅಡಿ ಆಚೆ, ಗಡಗಡ ನಡುಗುವ ಪಂಪಿನ ಕೊಳವೆಗೆ ದಾರದಿಂದ ಬಿಗಿದು ಕಟ್ಟಿದ್ದ ನನ್ನ ಡಬ್ಬಿ ಮಾತ್ರ ಬಹಳ ಚುರುಕಾಗಿ ಓಡಾಡುತ್ತಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದೆ. "ಏನ್ ಮಾಡ್ಲಿರೀ ಸಾಹೇಬ್ರ, ಉಣ್ಣಾಕ ಕುಂತ್ರ ಸತ್ತೀನಂತ ಹೊಯ್ಕೋತೈತಿ. ನೀವು ಪಾಪ ಹೊಟ್ಟಿ ಹೊತ್ಕೊಂಡು ಓಡಿ ಬರ್ತೀರಿ. ನಿಮ್ಮನ್ನ ನೋಡಿ ನನಗ ರೊಟ್ಟಿ ಇಳೀತಿದ್ದಿಲ್ರೀ," ಎಂದ. ಆ ನೋವಿನಲ್ಲೂ ಅವನಿಗೆ ನನ್ನ ಹೊಟ್ಟೆಯ ಚಿಂತೆ. ನನಗೆ ಅಳುವೇ ಬಂತು. ಅವನು ನನ್ನ ಮೇಲಿನ ಕರುಣೆಯಿಂದ ಸಾಯಲು ಹೊರಟಿದ್ದ.

ವಾಪಸ್ ಬಂದು ಮುನಿಯಕ್ಕನನ್ನು ಕೇಳಿದೆ, ನಿಮಗೆ ಈ ಉಪಾಯ ಹೇಗೆ ಹೊಳೆಯಿತು ಅಂತ. "ಉಪಾಯ ಏನ್ ಬಂತು ಸಾರ್," ಎಂದರು. "ಇಲ್ಲೇ ನಮ್ ಹೊಲ್ದಾಗೆ ಒಬ್ರೇ ಗೇಯ್ತಿದ್ರೆ, ಮುದ್ದೆ ಕಳ್ಸಿದ್ ಪಾತ್ರೆ ತಿರ್ಗಾ ಮನೆಗ್ ಬರೋಗಂಟ ನಮ್ಮತ್ತೆ ಉಣ್ತಿರ್ಲಿಲ್ಲ. ಪಾತ್ರೆ ಬಂತು ಅಂದ್ರೆ ಆಳು ಅವ್ನೆ ಅಂತ." ಅದೇ ನೆಲದ ಮೇಲೆ ಕುರ್ಚಿ ಹಾಕಿಕೊಂಡು ನಾನು ಚುಕ್ಕಿ ನೋಡುತ್ತಿದ್ದೆ. ಭಾರಿ ನಾಚಿಕೆಯಾಯಿತು.

ಈಗ ಡಬ್ಬಿ ಕಪಾಟಿನಲ್ಲಿದೆ, ತೊಟ್ಟಿಯ ಸುತ್ತ ಕಬ್ಬಿಣದ ಕಟಕಟೆ ಬಂದಿದೆ, ಲೋಟದ ಲೆಕ್ಕ ಕಾರ್ಖಾನೆಯ ನಿಯಮವಾಗಿದೆ. ಶರಣಪ್ಪ ಊರುಗೋಲು ಹಿಡಿದು ಕೂತು ಮಾಡುವ ಕೆಲಸಕ್ಕೆ ಮರಳಿದ ದಿನ ಮುನಿಯಕ್ಕ ನನ್ನ ಮುಂದೂ ಒಂದು ಲೋಟ ತಂದಿಟ್ಟರು. "ನೀವೂ ಕೋಣೆಲಿ ಒಬ್ರೇ ತಾನೆ?" ನನಗೆ ಸಕ್ಕರೆ ಕಾಯಿಲೆ, ಟೀ ಬೇಡ ಎಂದೆ. "ಬಿಸ್ನೀರ್ ಕುಡೀರಿ. ಲೋಟ ವಾಪಸ್ ಬರ್ಲಿ, ಅಷ್ಟೇಯ."

ಹದಿನೈದು ದಿನ ಲೋಟ ಸರಿಯಾಗಿ ವಾಪಸಾಯಿತು. ಹದಿನಾರನೆಯ ದಿನ ಯಾರೋ ಮುಖಕ್ಕೆ ತಣ್ಣೀರು ಎರಚಿದಾಗ ಕಣ್ಣು ಬಿಟ್ಟೆ. ಎದುರಿಗೆ ಚೊಂಬು ಹಿಡಿದ ಮುನಿಯಕ್ಕ, ಸ್ಟ್ರೆಚರ್ ಹೊತ್ತ ಇಬ್ಬರು, ಬಾಗಿಲಲ್ಲಿ ಮ್ಯಾನೇಜರ್ ಸಾಹೇಬರು. ಎಲ್ಲ ಘಟನೆಗಳನ್ನೂ ನಿಜವಾದ ಕಾರಣದೊಂದಿಗೆ ರಿಜಿಸ್ಟರಿನಲ್ಲಿ ಬರೆಯಬೇಕೆಂದು ಎಲ್ಲರ ಪ್ರಾಣ ತಿಂದವನು ನಾನೇ. ಹಾಗಾಗಿ ಆ ತಿಂಗಳ ಒಂದೇ ಒಂದು ದಾಖಲೆ ನನ್ನ ಕೈಬರಹದಲ್ಲಿದೆ: "ಸೇಫ್ಟಿ ಆಫೀಸರ್ ತಮ್ಮ ಕೋಣೆಯಲ್ಲಿ ಅಲುಗಾಡದೆ ಕಂಡುಬಂದರು. ಕಾರಣ: ನಿದ್ದೆ."

ಬರೆಯುವುದನ್ನು ಶರಣಪ್ಪ ಊರುಗೋಲಿನ ಮೇಲೆ ಬಾಗಿ ನೋಡುತ್ತಿದ್ದ. ಕಪಾಟಿನತ್ತ ಕೈ ತೋರಿಸಿ ಮೆಲ್ಲಗೆ ಹೇಳಿದ: "ಸಾಹೇಬ್ರ, ಆ ಡಬ್ಬಿ ನಿಮ್ಮ ಫ್ಯಾನಿಗೆ ಕಟ್ಲೇನ್ರೀ?"