ಮಲಗಿದ ಫೋನಿಗೂ ಒಂದು ಕಿವಿ ಎಚ್ಚರ

ಸತ್ತವರ ವಿಷಯವನ್ನು ನಗುತ್ತ ಬರೆಯಬಾರದು ಎನ್ನುತ್ತಾರೆ. ಆದರೆ ನಮ್ಮ ಯಜಮಾನರ ವಿಷಯವನ್ನು ನಗದೆ ಬರೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ಅವರು ಹೋದ ಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಈ ಹಾಳೆಯ ಮೇಲಾದರೂ ಸ್ವಲ್ಪ ಕೂಗಾಡಲಿ.

ಪಾಂಡವಪುರದ ನಮ್ಮ ಬೀದಿಗೆ ಮೊದಲು ಸೆಲ್ ಫೋನ್ ತಂದವರು ಅವರೇ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಲ್ಲದ ವ್ಯಾಪಾರಕ್ಕೆ ಬೇಕು ಎಂಬುದು ನೆಪ. ಆ ಫೋನು ಮಾತಿಲ್ಲದೆ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಚಾರ್ಜ್ ಖಾಲಿ ಮಾಡಿಕೊಳ್ಳುತ್ತಿತ್ತು. "ಸುಮ್ಕೆ ಕೂತ್ಕಂಡು ಉಣ್ಣೋಳು ಈ ಮನೇಲಿ ನೀನೊಬ್ಳೆ ಅನ್ಕಂಡಿದ್ದೆ ಕಣಮ್ಮಿ" ಎಂದು ನನಗೆ ಹೇಳಿ, ಮೈಸೂರಿನ ಅಂಗಡಿಯವನನ್ನು ದಬಾಯಿಸಲು ಹೋದರು. ಅವನು ಸಮಾಧಾನ ಹೇಳಿ ಕಳಿಸಿದ. ಟವರ್ ಸಿಕ್ಕುವ ಕಡೆ ಫೋನು ತೂಕಡಿಸುತ್ತದಂತೆ. ಆಗಾಗ ಎದ್ದು ಯಾರಾದರೂ ಕರೆದರೇ ಎಂದು ಕಿವಿಗೊಟ್ಟು ಮತ್ತೆ ಮಲಗುತ್ತದಂತೆ. ಟವರ್ ಇಲ್ಲದ ಕಡೆ ಮಾತ್ರ ಹುಡುಕುತ್ತಲೇ ಇದ್ದು ದಣಿಯುತ್ತದಂತೆ. "ಕರು ಕಾಣ್ದೆ ಓದ್ರೆ ಅಸು ಮಲಗ್ತದಾ? ಅಂಗೇ ಇದೂವೆ" ಎಂದು ಯಜಮಾನರು ಕೂಡಲೇ ಒಪ್ಪಿಕೊಂಡರು. ಅಂದಿನಿಂದ ಫೋನಿಗೆ ಬಾಣಂತಿಯ ಉಪಚಾರ. ಅದು ಮಲಗಿದ್ದಾಗ ನಾನು ಒಗ್ಗರಣೆ ಹಾಕಿದರೂ "ಮೆತ್ತಗೆ" ಎನ್ನುತ್ತಿದ್ದರು.

ಒಮ್ಮೆ ನಾಗಮಂಗಲಕ್ಕೆ ಅವರ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಅಲ್ಲಿ ಟವರ್ ಇಲ್ಲ. ಫೋನು ಅವರ ಜೇಬಿನಲ್ಲಿ ಹುಡುಕಿ ಹುಡುಕಿ ಬಿಸಿಯಾಗಿತ್ತು. ಊಟದ ಪಂಕ್ತಿಯಲ್ಲಿ ಕೆ.ಆರ್. ಪೇಟೆಯ ನೆಂಟರೊಬ್ಬರು, "ನಿಮ್ಮ ಮಗಳ್ನ ಎರಿಗೇಗೆ ಸೇರ್ಸವ್ರೆ, ಗೊತ್ತಿಲ್ವಾ? ನಿಮ್ಮಳಿಯ ಫೋನ್ ಮಾಡಿ ಮಾಡಿ ಸಾಕಾಗೋದ್ರಂತೆ" ಎಂದರು. ಪಾಯಸ ಬರುವ ಮೊದಲೇ ಎದ್ದೆವು. ಇದು ಎರಡನೆಯದು; ಚೊಚ್ಚಲ ಹೆರಿಗೆಯಲ್ಲಿ ಮಗಳು ಬದುಕಿದ್ದೇ ಹೆಚ್ಚು. ಊರಿನ ಎಸ್‌ಟಿಡಿ ಬೂತಿನ ಲೈನು ಕೆಟ್ಟಿತ್ತು. ಸಿಕ್ಕ ಬಸ್ಸು ಹತ್ತಿದೆವು.

ಮೇಲುಕೋಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. "ಬೆಟ್ಟದ್ ಮೇಲೆ ಟವರ್ ಸಿಗ್ತದಂತೆ, ಬಾ" ಎಂದು ಯಜಮಾನರು ಮೆಟ್ಟಿಲು ಹತ್ತಿದರು. ನನ್ನ ಹರಕೆಯೆಲ್ಲ ದೇವರಿಗೆ, ಅವರದು ಬ್ಯಾಟರಿಗೆ. ಉಳಿದ ಚೂರು ಚಾರ್ಜನ್ನು ಕಾಪಾಡಲು ಬಸ್ಸಿನಲ್ಲಿ ಅದನ್ನು ಪೂರ್ತಿ ಆರಿಸಿಟ್ಟಿದ್ದರು. ಮೇಲೆ ಹೋಗಿ ಗುಂಡಿ ಒತ್ತಿ ಎಬ್ಬಿಸಿದರು. ಸ್ವಲ್ಪ ಹೊತ್ತಿಗೆ ದೇವರ ದಯೆಯಿಂದ ಅಳಿಯನ ಫೋನೇ ಬಂತು.

"ಏನ್ ಅಳಿಯಂದ್ರೆ, ಊಟಾಯ್ತಾ?"

ನಾನು ಹೌಹಾರಿದೆ. ಅಳಿಯನೂ ನಮ್ಮ ಕಡೆಯವನೇ; ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದೆ ತನ್ನ ಸುದ್ದಿ ಎತ್ತುವವನಲ್ಲ. ನಿಮ್ಮದಾಯಿತೇ ಎಂದೂ ಕೇಳಿರಬೇಕು. "ಊಂ, ಆಯ್ತು. ಪಾಯ್ಸ ಬತ್ತಾ ಇತ್ತು, ಎದ್ದು ಬಂದೊ. ಬೀಗ್ರು ಎಂಗವ್ರೆ? ಆ ಕಡೆ ಮಳೆ ಆಯ್ತಾ?"

"ರೀ, ಮಗಳು!" ಎಂದು ಕಿರುಚಿದೆ.

"ಇರಮ್ಮಿ, ಅಲ್ಲಿಗೇ ಬತ್ತಾ ಇವ್ನಿ. ಆಂ, ಮಗಳ್ ಸುದ್ದಿ ಏಳಿ ಅಳಿಯಂದ್ರೆ..."

ಫೋನು ಕುಂಯ್ ಎಂದು ಕಣ್ಣು ಮುಚ್ಚಿತು.

ಇಳಿಯುವಾಗ ನಾನು ಆಡಿದ ಮಾತುಗಳು ಬರೆಯುವಂಥವಲ್ಲ. ಅವರದು ಒಂದೇ ಸಮರ್ಥನೆ. "ಊಟಾಯ್ತಾ ಅನ್ನದೆ ಎಂಗಮ್ಮಿ ಮಾತ್ ಸುರು ಮಾಡೋದು? ನಾವೇನ್ ದನವಾ?"

ಬಸ್ ನಿಲ್ದಾಣದ ಬೂತಿನೊಳಗೆ ಅವರನ್ನು ಬಿಡಲೇ ಇಲ್ಲ. ನೆಂಟರು ಬರೆದುಕೊಟ್ಟಿದ್ದ ಆಸ್ಪತ್ರೆಯ ನಂಬರು ನಾನೇ ಒತ್ತಿದೆ. ಅಲ್ಲಿಯವರು ಅಳಿಯನನ್ನು ಕರೆದುಕೊಟ್ಟರು. "ಅತ್ತೆ?" ಎಂದ. ಒಂದೇ ಒಂದು ಮಾತು ಕೇಳಬೇಕೆಂದು ಬಾಯಿ ತೆರೆದೆ.

"ಊಟಾಯ್ತಾ ಅಳಿಯಂದ್ರೆ?"

ಗಾಜಿನಾಚೆ ಯಜಮಾನರು ಕಂಬ ಹಿಡಿದುಕೊಂಡು ನಗುತ್ತಿದ್ದರು. "ಆಯ್ತು ಅತ್ತೆ, ನಿಮ್ದು?" ಎಂದ ಅಳಿಯ. ತಪ್ಪಿಹೋದ ಪಾಯಸದ ಕಥೆಯನ್ನು ನಾನು ಹೇಳಿ ಮುಗಿಸಿದ ಮೇಲೆಯೇ ನಮಗೆ ಮೊಮ್ಮಗಳು ಹುಟ್ಟಿದ್ದು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು.